ಬೋಗುಣಿಯ ತಳದ ಹೂ

ಆ ದಿನ ಸಂಜೆ ನಾಲ್ಕು ಗಂಟೆಯಿಂದ ಐದೂಕಾಲರವರೆಗೆ ನನ್ನ ಮಡಿಲಲ್ಲಿ ಒಂದು ಪಿಂಗಾಣಿ ಬೋಗುಣಿ ಇತ್ತು. ಅದನ್ನು ನಾನು ಎರಡೂ ಕೈಗಳಿಂದ ಹಿಡಿದಿದ್ದೆ. ನನ್ನ ಬಲಗೈ ಕಳೆದ ವರ್ಷದಿಂದ ನಡುಗುತ್ತದೆ. ಈ ವಿಷಯವನ್ನು ಸಂಬಂಧಪಟ್ಟವರಿಗೆ ನಾನು ಮೊದಲೇ ತಿಳಿಸಿದ್ದೆ; ತಿಳಿಸಿದ್ದಕ್ಕೆ ಸಾಕ್ಷಿಗಳಿದ್ದಾರೆ.

ಬೋಗುಣಿ ನಮ್ಮ ಪಕ್ಕದ ಮನೆಯ ಬಾಯಮ್ಮನದು. ಕ್ರಿಸ್ತಿಯನ್ನರ ಮನೆಯ ಹಿರಿಯ ಹೆಂಗಸನ್ನು ನಮ್ಮ ನೆಕ್ರಾಜೆಯ ಕಡೆ ಬಾಯಮ್ಮ ಎಂದೇ ಕರೆಯುವುದು. ಅವರ ಮನೆಮಾತು ಕೊಂಕಣಿ, ನನ್ನದು ತುಳು, ನಡುವಿನ ಕಲ್ಲಿನ ಕಟ್ಟೆಯ ಮೇಲೆ ನಾವು ಆಡುವುದು ಕನ್ನಡ. ಅವರು ನನ್ನನ್ನು 'ರೈಟ್ರೆ' ಎನ್ನುತ್ತಾರೆ. ಜಾಗದ ಆಧಾರ, ಎಂದರೆ ಕ್ರಯಪತ್ರ, ಬರೆಯುವುದು ನನ್ನ ಕಸುಬಾಗಿತ್ತು. ಮೂವತ್ತು ವರ್ಷಕ್ಕಿಂತ ಹೆಚ್ಚು ಬರೆದೆ. ಯಾರ ನೀರಿನ ತೋಡು ಎಲ್ಲಿ ಮುಗಿಯುತ್ತದೆ, ಯಾವ ಹಲಸಿನ ಮರ ಯಾರ ಪಾಲಿನದು, ಎಲ್ಲ ಬರೆದೆ. ನಾನು ಬರೆದ ಆಧಾರದಲ್ಲಿ ಪದ ತಪ್ಪಿ ತಿದ್ದುಪಡಿ ಮಾಡಬೇಕಾಗಿ ಬಂದದ್ದಿಲ್ಲ. ಬಂದದ್ದು ಕಸುಬು ಬಿಟ್ಟ ಮೇಲೆ, ಈ ಬೋಗುಣಿಯ ವಿಷಯದಲ್ಲಿ.

ಬೋಗುಣಿಯನ್ನು ಮೊದಲು ವಿವರಿಸುತ್ತೇನೆ. ಬಾಯಿಯ ಅಗಲ ಒಂದು ಗೇಣು ನಾಲ್ಕು ಬೆರಳು, ಆಳ ಅರ್ಧ ಗೇಣು. ಬಣ್ಣ ಬಿಳಿ, ಹಾಲಿನ ಬಿಳಿಯಲ್ಲ, ಗಂಜಿತಿಳಿಯ ಬಿಳಿ. ಹೊರಗೆ ಸುತ್ತಲೂ ಹೂವಿನ ಬಳ್ಳಿ. ಒಳಗೆ, ತಳದ ನಟ್ಟನಡುವೆ, ಒಂದೇ ಒಂದು ದೊಡ್ಡ ಹೂ, ಗುಲಾಬಿ ಬಣ್ಣದ್ದು. ಎಸಳಿನ ಬುಡದಲ್ಲಿ ಗಾಢವಾದ ಬಣ್ಣ ತುದಿಗೆ ಬರುವಾಗ ತಿಳಿಯಾಗುತ್ತದೆ. ಕೈಯಲ್ಲಿ ಬರೆದದ್ದೆಂಬುದು ಎಲೆಗಳನ್ನು ನೋಡಿದರೆ ತಿಳಿಯುತ್ತದೆ: ಒಂದು ಎಲೆಗೆ ನರ ಎಳೆಯಲು ಚಿತ್ರಗಾರ ಮರೆತಿದ್ದಾನೆ. ಬಣ್ಣ ಪಿಂಗಾಣಿಯ ನುಣುಪಿನ ಮೇಲೆ ತುಸು ಎತ್ತರವಾಗಿ ಕೂತಿದೆ. ಕಣ್ಣು ಮುಚ್ಚಿ ಬೆರಳಾಡಿಸಿದರೂ ಎಸಳು ಎಲ್ಲಿ ಮುಗಿಯಿತು ಎಂದು ಸಿಗುತ್ತದೆ. ಅದು ಯಾವ ಹೂ ಎಂಬುದರಲ್ಲಿ ಒಮ್ಮತವಿರಲಿಲ್ಲ. ಬಾಯಮ್ಮ ತಾವರೆ ಎನ್ನುತ್ತಿದ್ದರು, ನನ್ನ ಹೆಂಡತಿ ದಾಸವಾಳ ಎನ್ನುತ್ತಿದ್ದಳು. ನಾನು ಹೂ ಎಂದಷ್ಟೇ ಹೇಳುತ್ತಿದ್ದೆ.

ಬಾಯಮ್ಮನ ಹಿರಿಯರು ಗೋವೆಯಿಂದ ಮಂಗಳೂರಿಗೆ ಬರುವಾಗ ಬೋಗುಣಿಯೂ ಬಂತಂತೆ. ಮಂಗಳೂರಿನ ತವರಿನಿಂದ ಅವರು ಅದನ್ನು ಮದುವೆಯ ಮರುವಾರ ನೆಕ್ರಾಜೆಗೆ ತಂದರು. ಅದಕ್ಕೆ ಇದ್ದ ಕೆಲಸ ಒಂದೇ, ರೋಸ್. ರೋಸ್ ಎಂದರೆ ಕೊಂಕಣಿಯಲ್ಲಿ ತೆಂಗಿನಹಾಲು. ಮದುವೆಯ ಮುನ್ನಾದಿನ ಮದುಮಗಳನ್ನೋ ಮದುಮಗನನ್ನೋ ಕೂರಿಸಿ, ನೆಂಟರಿಷ್ಟರು ತಲೆಗೆ ಎಣ್ಣೆ, ಮೈಗೆ ತೆಂಗಿನಹಾಲು ಹಚ್ಚುವ ಶಾಸ್ತ್ರಕ್ಕೂ ಅದೇ ಹೆಸರು. ಬಾಯಮ್ಮನ ರೋಸ್ ಆದದ್ದು ಈ ಬೋಗುಣಿಯಿಂದ. ಅವರ ಒಬ್ಬನೇ ಮಗನದ್ದೂ ಇದರಿಂದಲೇ. ಉಳಿದ ದಿನಗಳಲ್ಲಿ ಅದರಲ್ಲಿ ಕೋಳಿಮೊಟ್ಟೆ ಇಡುತ್ತಿದ್ದರು.

ಮಗ ಗಲ್ಫಿನಲ್ಲಿ ಬಹಳ ವರ್ಷ ದುಡಿದು ಊರಿಗೆ ಬಂದವನು. ಒಂದು ದಿನ ಫೋನಿನಲ್ಲಿ ಏನೋ ನೋಡುತ್ತಿದ್ದವನು ಎದ್ದು ಅಡುಗೆಮನೆಗೆ ಹೋಗಿ ಬೋಗುಣಿಯಲ್ಲಿದ್ದ ಮೊಟ್ಟೆಗಳನ್ನೆಲ್ಲ ಒಂದೊಂದಾಗಿ ಪ್ಲಾಸ್ಟಿಕ್ ಬಕೆಟಿಗೆ ಹಾಕಿದ. ಅವನ ಫೋನಿನಲ್ಲಿ ಅಂಥದ್ದೇ ಒಂದು ಬೋಗುಣಿ ಗಾಜಿನ ಪೆಟ್ಟಿಗೆಯೊಳಗೆ ದೀಪದ ಕೆಳಗೆ ಕೂತಿತ್ತು.

ಎರಡು ವಾರ ಕಳೆದು ಕೊಚ್ಚಿಯಿಂದ ಒಬ್ಬರು ತಜ್ಞರು ಬಂದರು. ಹಳೆಯ ಪಿಂಗಾಣಿಯನ್ನೇ ಓದಿಕೊಂಡವರು. ಮಲಯಾಳ ಮತ್ತು ಇಂಗ್ಲಿಷ್ ಬೆರೆಸಿ ಮೆಲ್ಲಗೆ ಮಾತಾಡುವ ಮನುಷ್ಯ. ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಲು ಮಗ ನನ್ನನ್ನು ಕರೆದ. ನಾನು ಫುಲ್‌ಸ್ಕೇಪ್ ಕಾಗದ ತೆಗೆದುಕೊಂಡು ಹೋದೆ.

ತಜ್ಞರು ಬಿಳಿ ಕೈಗವಸು ತೊಟ್ಟರು. ಟಾರ್ಚು ಹಾಕಿದರು. ಬೋಗುಣಿಯನ್ನು ಕವುಚಿ, ನೆಟ್ಟಗೆ ಇಟ್ಟು, ಉಗುರಿನಿಂದ ತಟ್ಟಿ ಕಿವಿ ಕೊಟ್ಟರು. ಬಾಯಮ್ಮ ಬಾಗಿಲಿಗೆ ಒರಗಿ ನೋಡುತ್ತಿದ್ದರು.

"ಡಾಕ್ಟ್ರು ಸಹ ಇಷ್ಟು ನೋಡುದಿಲ್ಲ," ಎಂದು ನನ್ನ ಕಿವಿಯಲ್ಲಿ ಹೇಳಿದರು.

ಚೀನಾದಲ್ಲಿ ಮಾಡಿದ್ದು, ಹೊರದೇಶಕ್ಕೆ ಕಳಿಸಲೆಂದೇ ಮಾಡಿದ್ದು, ಇನ್ನೂರು ವರ್ಷಕ್ಕೆ ಕಮ್ಮಿ ಇಲ್ಲ, ಎಂದರು ತಜ್ಞರು. ಬರೆದೆ. ಬಾಯಿಯ ಅಂಚಿನಲ್ಲಿ ಒಂದು ಕಡೆ ಅಕ್ಕಿಕಾಳಿನಷ್ಟು ಹಾರಿದೆ. ಬರೆದೆ. ಒಳಗಿರುವುದು ಪಿಯೋನಿ ಹೂ, ಎಂದರು.

"ಪಿಯೋನಾ? ಯಾವ ಆಫೀಸಿನವ?" ಎಂದರು ಬಾಯಮ್ಮ.

ನಾನು ಮೂರು ಸಲ ಕೇಳಿ, ಅವರ ಹತ್ತಿರವೇ ಇಂಗ್ಲಿಷಿನಲ್ಲಿ ಬರೆಸಿಕೊಂಡು, ನೋಡಿ, ಪಿಯೋನಿ ಎಂದು ಬರೆದೆ. ಕಷ್ಟದ ಪದದಲ್ಲಿ ನಾನು ಎಂದೂ ಎಡವುವುದಿಲ್ಲ.

ಆಮೇಲೆ ಅವರು ಕೈಗವಸು ಕಳಚುತ್ತಾ, "ಇದು ಫ್ಯಾಮಿಲಿ ರೋಸ್," ಎಂದರು.

ಬಾಯಮ್ಮ ಬಾಗಿಲು ಬಿಟ್ಟು ಮುಂದೆ ಬಂದರು. "ಹೌದು, ನಮ್ಮ ಫ್ಯಾಮಿಲಿಯದ್ದೇ ರೋಸ್. ಇವರಿಗೆ ಅದು ಹೇಗೆ ಗೊತ್ತಾಯ್ತು?"

ಮಗನೂ ಬೆರಗಾಗಿದ್ದ. "ಪಾತ್ರೆ ನೋಡಿಯೇ ಹೇಳಿದ್ರಲ್ಲ ಮಾಂಯ್," ಎಂದು ತಾಯಿಗೆ ಹೇಳಿದ. ಎಣ್ಣೆಯ ಅಂಶ ಒಳಗೆ ಇಳಿದಿರಬಹುದು, ಉಗುರಿನಿಂದ ತಟ್ಟಿದಾಗ ಅದು ಗೊತ್ತಾಗುತ್ತಿರಬಹುದು ಎಂದು ನಾನು ಎಣಿಸಿದೆ. ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ಆದರೆ ಎಣಿಸಿದ್ದು ನಿಜ.

ಬೆಲೆ ಎಷ್ಟಾಗಬಹುದೆಂದು ಮಗ ಕೇಳಿದ. ತಜ್ಞರು ಬೋಗುಣಿಯನ್ನು ನೋಡಿದರು, ಮಗನನ್ನು ನೋಡಿದರು, ಏನೂ ಹೇಳದೆ ಚಹಾ ಕುಡಿದರು. ಒಂದು ಸಂಖ್ಯೆ ಹೇಳಿದ್ದರೆ ಮಗನಿಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. ಬಿಸಿ ತಾಗಬಾರದು, ಹುಳಿ ತಾಗಬಾರದು, ಆದಷ್ಟು ಮುಟ್ಟದಿರುವುದೇ ಒಳ್ಳೆಯದು ಎಂದಷ್ಟೇ ಅವರು ಹೇಳಿದರು.

ನಾನು ಕಾಗದವನ್ನು ಪೂರ್ತಿ ಮಾಡಿದೆ. ಆಧಾರ ಬರೆಯುವವನಿಗೆ ಒಂದು ಅಭ್ಯಾಸವಿರುತ್ತದೆ: ಒಂದು ಪದ ಮುಂದೆ ಜಗಳಕ್ಕೆ ಎಡೆ ಕೊಡಬಹುದು ಎನಿಸಿದರೆ ಅದರ ಪಕ್ಕದಲ್ಲೇ ಅದನ್ನು ಬಿಡಿಸಿ ಬರೆದುಬಿಡುವುದು. ಹಾಗೆಯೇ ಬರೆದೆ: 'ಸದರಿ ಬೋಗುಣಿಯು ಫ್ಯಾಮಿಲಿ ರೋಸ್ ಆಗಿದ್ದು, ಅಂದರೆ ಸದರಿ ಕುಟುಂಬದವರ ರೋಸ್ ಶಾಸ್ತ್ರಕ್ಕೆ ಉಪಯೋಗಿಸತಕ್ಕದ್ದು ಎಂಬುದಾಗಿ ತಜ್ಞರು ಪರಿಶೀಲಿಸಿ ತಿಳಿಸಿರುತ್ತಾರೆ.' ತಜ್ಞರಿಗೆ ಕನ್ನಡ ಓದಲು ಬರುವುದಿಲ್ಲ, ಸಹಿ ಹಾಕಿದರು. ಮಗ ಓದಿದ್ದು ಕನ್ನಡ ಶಾಲೆಯಲ್ಲೇ. "ಓದಿ ನೋಡು," ಎಂದೆ.

"ನೀವು ಬರೆದದ್ದಲ್ವಾ ರೈಟ್ರೆ," ಎಂದು ಅವನೂ ಸಹಿ ಹಾಕಿದ. ಎಲ್ಲ ಕಕ್ಷಿಗಾರರೂ ಹೇಳುವುದು ಇದನ್ನೇ. ಸಾಕ್ಷಿಯ ಜಾಗದಲ್ಲಿ ನಾನು ಸಹಿ ಹಾಕಿದೆ.

ಅದೇ ವಾರ ಮಗ ಹಾಲಿನಲ್ಲಿ ಗಾಜಿನ ಬಾಗಿಲಿನ ಒಂದು ಕಪಾಟು ಮಾಡಿಸಿದ. ಬೋಗುಣಿಯನ್ನು ಮೈಯೊರೆಸುವ ಎರಡು ಬೈರಾಸುಗಳಲ್ಲಿ ಸುತ್ತಿ ಅದರೊಳಗಿಟ್ಟು ಬೀಗ ಹಾಕಿದ. ಬಂದವರಿಗೆಲ್ಲ ಗಾಜಿನಿಂದ ಬೈರಾಸು ಚೆನ್ನಾಗಿ ಕಾಣುತ್ತಿತ್ತು.

ಬಾಯಮ್ಮನ ಮೊಮ್ಮಗಳ, ಎಂದರೆ ಈ ಮಗನ ಮಗಳ, ಮದುವೆ ನಿಶ್ಚಯವಾದದ್ದು ಆ ನಂತರ. ಮದುವೆಗೆ ಹತ್ತು ದಿನವಿರುವಾಗ ಮಗ ಹೊಸ ಸ್ಟೀಲ್ ಪಾತ್ರೆಯೊಂದನ್ನು ತಂದು, ರೋಸಿಗೆ ಇದು, ಎಂದ. ಬಾಯಮ್ಮ ಒಳಗೆ ಹೋದರು. ಬರುವಾಗ ಅವರ ಕೈಯಲ್ಲಿ ನನ್ನ ಫುಲ್‌ಸ್ಕೇಪ್ ಕಾಗದ ಇತ್ತು. ಮೊಮ್ಮಗಳಿಂದ ಅದನ್ನು ಗಟ್ಟಿಯಾಗಿ ಓದಿಸಿದರು. 'ಉಪಯೋಗಿಸತಕ್ಕದ್ದು' ಎಂಬಲ್ಲಿಗೆ ಬಂದಾಗ ಇನ್ನೊಂದು ಸಲ ಓದಿಸಿದರು.

"ಕೊಚ್ಚಿಯವರ ಸಹಿ ಉಂಟು. ನಿನ್ನದೂ ಉಂಟು," ಎಂದರಂತೆ.

ಮಗ ಅಲ್ಲಿಂದಲೇ ಕೊಚ್ಚಿಗೆ ಫೋನ್ ಮಾಡಿದ. ಕಾಲು ಗಂಟೆಯ ಮೇಲೆ ನಮ್ಮ ಮನೆಯ ಜಗಲಿಗೆ ಬಂದ. ಅವನ ಮುಖ ನೋಡಿ ನಾನು ಎದ್ದು ನಿಂತೆ.

"ರೈಟ್ರೆ, ಅದು ನಮ್ಮ ರೋಸ್ ಅಲ್ಲ ಮಾರಾಯ್ರೆ. ಫ್ರೆಂಚ್ ಮಾತಂತೆ. ಚೀನಾದ ಪಿಂಗಾಣಿಯಲ್ಲಿ ಗುಲಾಬಿ ಬಣ್ಣ ಹಾಕಿದ್ದಕ್ಕೆಲ್ಲ ಹಾಗೆ ಹೇಳುದಂತೆ. ಲೋಕದಲ್ಲಿ ಅಂಥದ್ದು ಸಾವಿರಗಟ್ಟಲೆ ಉಂಟಂತೆ. ಅವರೆಲ್ಲ ಎಂತ, ರೋಸ್ ಮಾಡುವವರಾ?"

ನಾನು ಕೂತುಕೊಂಡೆ. ನೀರು ಕುಡಿದೆ. ಕೇಳಿದ್ದನ್ನು ಕೇಳಿದ ಹಾಗೆ ಬರೆದಿದ್ದರೆ ನನ್ನದೇನೂ ತಪ್ಪಿರಲಿಲ್ಲ. 'ಅಂದರೆ' ಎಂದು ಮುಂದುವರಿಸಿದ್ದು ನಾನು.

"ತಿದ್ದಿ ಕೊಡ್ತೇನೆ," ಎಂದೆ.

ಪೆನ್ನು ಹಿಡಿದುಕೊಂಡೇ ಬಾಯಮ್ಮನ ಮನೆಗೆ ಹೋದೆವು. ಅವರು ಕಾಗದವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಪದದ ಅರ್ಥ ಬೇರೆಯಂತೆ, ನನ್ನಿಂದ ತಪ್ಪಾಯಿತು ಎಂದು ನಾನು ವಿವರಿಸಿದೆ. ಎಲ್ಲ ಕೇಳಿದರು.

"ಫ್ರಾನ್ಸಿನವರು ಎಂತ ಬೇಕಾದ್ರೂ ಹೇಳಲಿ. ಸ್ಟೀಲಿಗೆ ತಳದಲ್ಲಿ ಹೂ ಉಂಟಾ?"

ಅದೇನು ಎಂದು ಕೇಳಿದೆ. ಅಷ್ಟು ವರ್ಷದ ನೆರೆಯಲ್ಲಿ ನನಗೆ ಗೊತ್ತಿಲ್ಲದಿದ್ದ ವಿಷಯವನ್ನು ಅವರು ಅಂದು ಹೇಳಿದರು. ಅವರ ತವರಿನಲ್ಲಿ ರೋಸಿಗೆ ಒಂದು ಅಳತೆ ಇತ್ತು. ಬೋಗುಣಿ ತುಂಬ ಹಾಲು ಹಾಕುವುದು. ಒಬ್ಬೊಬ್ಬರು ಕೈಯದ್ದಿ ಹಚ್ಚುತ್ತಾ ಹಾಲು ಇಳಿಯುತ್ತದೆ. ತಳದ ಹೂ ಕಂಡ ಕೂಡಲೇ ಬೋಗುಣಿ ಹಿಡಿದವರು 'ಹೂ ಕಂಡಿತು' ಎನ್ನಬೇಕು. ಅಲ್ಲಿಗೆ ಮುಗಿಯಿತು. ಆಮೇಲೆ ಯಾರೂ ಹಚ್ಚುವ ಹಾಗಿಲ್ಲ.

"ಮೊನ್ನೆ ಮುಳ್ಳೇರಿಯದ ರೋಸಿನಲ್ಲಿ ನೋಡಿದ್ದೀರಲ್ಲ. ಸ್ಟೀಲಿನಲ್ಲಿ ಹಾಲು ಮುಗಿದದ್ದು ಯಾರಿಗೂ ಗೊತ್ತಾಗಲಿಲ್ಲ. ಮೊಟ್ಟೆ ಒಡೆದ್ರು, ಟೊಮೇಟೊ ಸಾಸ್ ಹಾಕಿದ್ರು, ಬಿಯರ್ ಹೊಯ್ದ್ರು. ಮರುದಿವಸ ಇಗರ್ಜಿಯಲ್ಲಿ ಮದುಮಗಳು ಒಂದೇ ಸಮ ಸೀನುದು. ಪಾದ್ರಿ ಕೇಳಿದ್ದಕ್ಕೆ ಹೌದು ಹೇಳಿದ್ದಾ ಸೀನಿದ್ದಾ ಇವತ್ತಿಗೂ ಗೊತ್ತಿಲ್ಲ."

"ಆ ಅಳತೆ ಅಷ್ಟು ಗಟ್ಟಿಯಾ?" ಎಂದೆ.

ಬಾಯಮ್ಮ ಸೊಂಟದ ಕಾಗದವನ್ನು ಇನ್ನಷ್ಟು ಒಳಗೆ ಸಿಕ್ಕಿಸಿದರು. "ನನ್ನ ರೋಸಿನ ದಿವಸ ಅಣ್ಣನಿಗೆ ಬಸ್ಸು ತಪ್ಪಿತು. ಓಡಿಕೊಂಡು ಬಂದ. ಚಪ್ಪಲಿ ಸಹ ಒಂದೇ ಇತ್ತು. ಅಷ್ಟೊತ್ತಿಗೆ ನನ್ನ ಅಜ್ಜಿ 'ಹೂ ಕಂಡಿತು' ಹೇಳಿ ಆಗಿತ್ತು. ಅಪ್ಪ ಬಿಡಲಿಲ್ಲ. ಅಣ್ಣ ಸಾಯುವ ವರೆಗೆ ಅದನ್ನೇ ಹೇಳ್ತಿದ್ದ." ಸೆರಗಿನಿಂದ ಕಣ್ಣೊರೆಸಿಕೊಂಡರು. ಕಣ್ಣಿಗೆ ಪೊರೆ ಬಂದಿತ್ತು; ಒರೆಸಿದ್ದು ಯಾತಕ್ಕೆಂದು ಹೇಳಲಾರೆ. "ನಾನು ಇನ್ನೊಂದು ರೋಸ್ ನೋಡ್ಲಿಕ್ಕೆ ಇರುವವಳಲ್ಲ. ಈ ಹುಡುಗಿಯದ್ದು ಹೂವಿನ ಮೇಲೆ ಮುಗಿಯಬೇಕು. ಅಷ್ಟೇ ನನಗೆ ಬೇಕಾದ್ದು."

ನಾನು ಪೆನ್ನಿಗೆ ಮುಚ್ಚಳ ಹಾಕಿದೆ. ಮಗ ತಲೆ ತಗ್ಗಿಸಿ ಕೂತಿದ್ದ. ಕೊನೆಗೆ, "ಆಯ್ತು. ಆದರೆ ಬರೆದದ್ದು ನೀವು. ಹಿಡಿಯುದು ಸಹ ನೀವೇ," ಎಂದು ನನ್ನನ್ನು ನೋಡಿದ.

ನನ್ನ ಕೈ ನಡುಗುತ್ತದೆ ಎಂದು ನಾನು ಹೇಳಿದ್ದು ಆಗ. ಸಾಕ್ಷಿ: ಬಾಯಮ್ಮ, ಮಗ, ಮೊಮ್ಮಗಳು.

"ಅಂಕಲ್, ನಡುಗಿದ್ರೆ ಹಾಲು ಗಟ್ಟಿಯಾಗ್ಲಿಕ್ಕಿಲ್ಲ, ಒಳ್ಳೆದೇ," ಎಂದಳು ಮೊಮ್ಮಗಳು.

ಎರಡನೆಯ ಕಾಗದ ಬರೆದೆ. ಎಣ್ಣೆಯ ಕೈ ಬೋಗುಣಿಯ ಅಂಚಿಗೆ ತಾಗಕೂಡದು, ಬೋಗುಣಿ ನೆಲಕ್ಕಿಳಿಯಕೂಡದು, ಆರಂಭದಿಂದ ಕೊನೆಯವರೆಗೆ ಅದು ರೈಟರ ಸ್ವಾಧೀನದಲ್ಲಿರತಕ್ಕದ್ದು. ಈ ಸಲ ಎಲ್ಲರೂ ಓದಿ ಸಹಿ ಹಾಕಿದರು.

ರೋಸಿನ ದಿನ ಅಂಗಳದ ಚಪ್ಪರಕ್ಕೆ ಹೋಗಿ ನೋಡಿದರೆ ನನ್ನ ಕುರ್ಚಿಯ ಸುತ್ತ ನಾಲ್ಕು ಹಾಸಿಗೆ ಹಾಸಿತ್ತು. ಮನೆಯಲ್ಲಿದ್ದ ಎಲ್ಲ ಹಾಸಿಗೆಯೂ ಅಲ್ಲಿಗೆ ಬಂದಿತ್ತು. ಬಂದ ನೆಂಟರು ನನಗೆ ಏನೋ ಕಾಯಿಲೆ ಎಂದು ತಿಳಿದು ತಗ್ಗಿದ ದನಿಯಲ್ಲಿ ವಿಚಾರಿಸಿದರು. ಮಡಿಲಿಗೆ ಬೈರಾಸು ಹಾಸಿ ಬೋಗುಣಿ ಇಟ್ಟರು. ಮೂರು ತಂಬಿಗೆ ತೆಂಗಿನಹಾಲು ಹೊಯ್ದರು. ಹೂ ಮುಳುಗಿತು.

ಮಗ ಇದ್ದದ್ದು ಹಿತ್ತಿಲಿನ ಬಾವಿಕಟ್ಟೆಯ ಮೇಲೆ, ಚಪ್ಪರಕ್ಕೆ ಬೆನ್ನು ಹಾಕಿ. ತಂದೆಯಾದವನು ಮೊದಲು ಹಚ್ಚಬೇಕು. ಕರೆಯಲು ಹೋದವರಿಗೆ, "ನೀವು ಶುರು ಮಾಡಿ, ನನಗೆ ನೋಡ್ಲಿಕ್ಕಾಗುದಿಲ್ಲ, ಕೊನೆಗೆ ಬರ್ತೇನೆ," ಎಂದನಂತೆ. ಬಾಯಮ್ಮ ಮುಖ ಬಿಗಿದುಕೊಂಡು ತಾವೇ ಮೊದಲು ಹಚ್ಚಿದರು. ಹೆಂಗಸರು ಹಾಡು ಎತ್ತಿದರು.

ಎರಡನೆಯವರು ಬಂದಾಗಲೇ ನನ್ನ ತಪ್ಪು ನನಗೆ ತಿಳಿಯಿತು. ಎಣ್ಣೆಯ ಕೈ ತಾಗಕೂಡದು ಎಂದು ಬರೆದಿದ್ದೆ. ಆದರೆ ಕ್ರಮವೇ ಹಾಗೆ: ಪ್ರತಿಯೊಬ್ಬರೂ ಮೊದಲು ಮದುಮಗಳ ತಲೆಗೆ ಎಣ್ಣೆ ಹಚ್ಚುತ್ತಾರೆ, ಅದೇ ಕೈಯನ್ನು ಹಾಲಿಗೆ ಅದ್ದುತ್ತಾರೆ. ಎಣ್ಣೆಯಿಲ್ಲದ ಕೈ ಆ ಚಪ್ಪರದಲ್ಲಿ ನನ್ನದು ಮಾತ್ರ, ಅದೂ ಐದು ನಿಮಿಷ. ಅದ್ದಿದ ಕೈಗಳಿಂದ ಹಾಲು ನನ್ನ ಶರ್ಟಿನ ತೋಳಿನೊಳಗೆ ಇಳಿದು ಮೊಣಕೈಯಲ್ಲಿ ನಿಂತಿತು. ಎಣ್ಣೆ ಅಂಚಿಗೆ ಹಿಡಿದು ಬೋಗುಣಿ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಜಾರತೊಡಗಿತು. ನಾನು ಮೊಣಕಾಲು ಜೋಡಿಸಿ, ಹೊಟ್ಟೆ ಮುಂದೆ ಮಾಡಿ ಹಿಡಿದೆ. ಮದುಮಗಳು ನನ್ನನ್ನು ನೋಡಿ, "ಅಂಕಲ್, ರೋಸ್ ನನ್ನದಾ ನಿಮ್ಮದಾ?" ಎಂದಳು.

ಮೊಗ್ರಾಲಿನಿಂದ ಬಂದ ಒಬ್ಬ ಸ್ಥೂಲಕಾಯದ ನೆಂಟರು ಕೈ ಅದ್ದುವಾಗ ಅವರ ಉಂಗುರ ಅಂಚಿಗೆ ತಾಗಿತು. ಟಿಂಗ್ ಎಂದಿತು. ದೊಡ್ಡ ಸದ್ದಲ್ಲ. ಆದರೆ ಹಾಡು ನಿಂತಿತು, ಎಲ್ಲರೂ ನನ್ನ ಮಡಿಲು ನೋಡಿದರು. ಬಾವಿಕಟ್ಟೆಯಿಂದ ಮಗ ಓಡಿಬಂದು, ತಾನೇ ಹಾಸಿದ ಹಾಸಿಗೆ ಎಡವಿ, ನನ್ನ ಕಾಲ ಬುಡದಲ್ಲಿ ಅಂಗಾತ ಬಿದ್ದ. ಹಾಸಿಗೆ ಉಪಯೋಗಕ್ಕೆ ಬಂದದ್ದು ಆಗ ಮಾತ್ರ.

ಬೋಗುಣಿಗೆ ಏನೂ ಆಗಿರಲಿಲ್ಲ. ನಾನು ಅಂಚನ್ನು ಸುತ್ತ ನೋಡಿದೆ: ಅಕ್ಕಿಕಾಳಿನ ಹಳೆಯ ಗಾಯ ಒಂದೇ. ಆಮೇಲೆ ಒಳಗೆ ನೋಡಿದೆ.

ಹಾಲು ತಳದಲ್ಲಿ ತೆಳ್ಳಗೆ ನಿಂತಿತ್ತು. ಅದರ ನಡುವೆ ಹೂ ಕಾಣುತ್ತಿತ್ತು. ಅಸ್ಪಷ್ಟವಾಗಿ ಅಲ್ಲ, ಎಸಳೆಲ್ಲ ಮೇಲೆ ಬಂದಿತ್ತು, ನರವಿಲ್ಲದ ಎಲೆಯೂ ಬಂದಿತ್ತು. ಬಹುಶಃ ಆ ನೆಂಟರ ದೊಡ್ಡ ಕೈಯೇ ಅದನ್ನು ಬರಿದು ಮಾಡಿರಬೇಕು.

ಹಾಸಿಗೆಯಿಂದ ಎದ್ದ ಮಗ ಪಂಚೆ ಸರಿಮಾಡಿಕೊಂಡು ಮಗಳ ಹತ್ತಿರ ನಿಂತ. ಅವಳ ಕೂದಲಿನಿಂದ ಹಾಲು ತೊಟ್ಟಿಕ್ಕುತ್ತಿತ್ತು. ಅವನು ಅವಳನ್ನು ಸರಿಯಾಗಿ ನೋಡಿದ್ದು ಅಂದು ಅದೇ ಮೊದಲು ಎಂದು ಕಾಣುತ್ತದೆ. ಎಣ್ಣೆಯ ಗಿಂಡಿಗೆ ಕೈ ಹಾಕಿದ.

"ರೈಟ್ರೆ," ಎಂದರು ಬಾಯಮ್ಮ. ಅವರು ನನ್ನ ಎಡಗಡೆ ಸ್ಟೂಲಿನ ಮೇಲೆ ಕೂತಿದ್ದರು. ಪೊರೆ ಬಂದ ಅವರ ಕಣ್ಣಿಗೆ ಅಷ್ಟು ದೂರದಿಂದ ಬೋಗುಣಿಯ ಒಳಗು ಕಾಣುವುದಿಲ್ಲ. "ಹೂ ಕಂಡಿತಾ?"

ನಾನು ಸಾವಿರಾರು ಕಾಗದಗಳಲ್ಲಿ ಸಾಕ್ಷಿ ಹಾಕಿದ್ದೇನೆ. ಕಾಣದ್ದನ್ನು ಕಂಡೆ ಎಂದಾಗಲಿ, ಕಂಡದ್ದನ್ನು ಕಾಣಲಿಲ್ಲ ಎಂದಾಗಲಿ ಹೇಳಿದವನಲ್ಲ. ಮಗನ ಕೈ ಎಣ್ಣೆಯಲ್ಲೇ ನಿಂತಿತ್ತು. ಅವನಿಗೂ ಸೋದರಮಾವನ ಒಂಟಿ ಚಪ್ಪಲಿಯ ಕಥೆ ಗೊತ್ತು.

"ಇಲ್ಲ ಬಾಯಮ್ಮ, ಇನ್ನೂ ಕಾಣಲಿಲ್ಲ," ಎಂದೆ.

ಮಗ ಮಗಳ ತಲೆಗೆ ಎಣ್ಣೆ ಹಚ್ಚಿದ, ಹಣೆಗೆ ಶಿಲುಬೆಯ ಗುರುತು ಮಾಡಿದ. ಬಂದು ಬೋಗುಣಿಗೆ ಬಗ್ಗಿದ. ಹೂವನ್ನು ನೋಡಿದ, ನನ್ನನ್ನು ನೋಡಿದ.

"ಕಾಣುದಿಲ್ಲ ಮಾಂಯ್," ಎಂದು ಗಟ್ಟಿಯಾಗಿ ಹೇಳಿದ. ಉಳಿದಿದ್ದ ಹಾಲನ್ನು ಬೆರಳುಗಳಿಂದ ಒತ್ತಿ ಒತ್ತಿ ಒಟ್ಟುಮಾಡಿದ. ಆದಷ್ಟು ಮುಟ್ಟದಿರುವುದೇ ಒಳ್ಳೆಯದು ಎಂದು ತಜ್ಞರು ಹೇಳಿದ್ದ ಹೂವಿನ ಮೇಲೆ ಅವನ ಐದೂ ಬೆರಳು ಓಡಾಡಿತು. ಸಿಕ್ಕಿದ್ದು ಒಂದು ಚಮಚದಷ್ಟು. ಅದನ್ನು ಮಗಳ ಎರಡೂ ಕೆನ್ನೆಗೆ ಹಚ್ಚಿದ.

"ಈಗ ಕಂಡಿತು," ಎಂದೆ ನಾನು.

ಬಾಯಮ್ಮ ಎದ್ದು ಬಂದರು. ನನ್ನ ಹೆಗಲು ಹಿಡಿದು ಬಗ್ಗಿ, ತೋರುಬೆರಳನ್ನು ಬೋಗುಣಿಯ ತಳಕ್ಕೆ ಇಳಿಸಿದರು. ಎತ್ತರವಾಗಿ ಕೂತ ಆ ಬಣ್ಣದ ಮೇಲೆ ಬೆರಳು ಮೆಲ್ಲಗೆ ಒಂದು ಸುತ್ತು ಹೋಯಿತು, ಎಸಳಿನಿಂದ ಎಸಳಿಗೆ, ಕೊನೆಗೆ ಎಲೆಗೆ. ಎಲೆಯ ಮೇಲೆ ನಿಂತಿತು. ಅಲ್ಲಿಗೆ ಮಗನ ಬೆರಳು ಹೋಗಿರಲಿಲ್ಲ. ಅಲ್ಲಿ ಹಾಲು ಆಗಲೇ ಒಣಗಿ ಅಂಟಾಗಿತ್ತು.

ಅವರು ಬೆರಳನ್ನು ಮೂಗಿನ ಹತ್ತಿರ ಹಿಡಿದು ಹೆಬ್ಬೆರಳಿನಿಂದ ಉಜ್ಜಿ ನೋಡಿದರು. ಮಗ ಚಪ್ಪರದ ಕಂಬ ನೋಡಿದ. ನಾನು ಹಾಸಿಗೆ ನೋಡಿದೆ.

"ಹೂ ಕಂಡಿತು," ಎಂದು ಬಾಯಮ್ಮ ಎಲ್ಲರಿಗೂ ಕೇಳುವಂತೆ ಹೇಳಿದರು. ಹೆಂಗಸರು ಮತ್ತೆ ಹಾಡು ಎತ್ತಿದರು. ಆ ಗದ್ದಲದಲ್ಲಿ ಅವರು ನನ್ನ ಕಿವಿಯ ಹತ್ತಿರ ಬಂದರು.

"ಇದು ಕಂಡು ಸುಮಾರು ಹೊತ್ತಾಯ್ತಲ್ಲ ರೈಟ್ರೆ?"

ನಾನು ಬೈರಾಸಿನ ತುದಿಯಿಂದ ಬೋಗುಣಿಯ ಅಂಚು ಒರೆಸಿದೆ.

"ಇದನ್ನು ಬರೆಯಬೇಡಿ," ಎಂದು ಹೇಳಿ, ಬೆರಳಿನಲ್ಲಿ ಉಳಿದದ್ದನ್ನು ನನ್ನ ಹಣೆಗೆ ಒರೆಸಿ, ಬೋಗುಣಿಯನ್ನು ಮಡಿಲಿನಿಂದ ತಾವೇ ಎತ್ತಿಕೊಂಡು ಅಡುಗೆಮನೆಗೆ ಹೋದರು. ಮಗ ತಡೆಯಲಿಲ್ಲ. ಈಗ ಅದು ಗಾಜಿನ ಕಪಾಟಿನಲ್ಲಿಯೇ ಇದೆ, ಬೈರಾಸು ಇಲ್ಲದೆ, ಒಳಗೆ ಕೋಳಿಮೊಟ್ಟೆ ತುಂಬಿಕೊಂಡು.